ಬೆನ್ನಿಗೆ ನಾಲ್ಕು ಬೋಲ್ಟು

ಟೀಪಾಯಿಯ ಮೇಲಿಟ್ಟ ಕಾಫಿ ಲೋಟಗಳು ತಾವಾಗಿಯೇ ನಡೆಯತೊಡಗಿದವು. ಯಮುನಾ ಬಗ್ಗಿ ಒಂದನ್ನು ಹಿಡಿದಳು. ಇನ್ನೊಂದು ಟೀಪಾಯಿಯ ಅಂಚಿನವರೆಗೆ ಹೋಗಿ, ಏನೋ ಯೋಚಿಸುವಂತೆ ನಿಂತಿತು. ತಲೆಯ ಮೇಲೆ ಇಡೀ ಛಾವಣಿ ಗುಡುಗುತ್ತಿತ್ತು. ಗೋಡೆಯ ಮೇಲಿದ್ದ ತಾತನ ಫೋಟೊ ಓರೆಯಾಯಿತು. ಫ್ಯಾನಿನ ಬುಡದಿಂದ ಸುಣ್ಣದ ಪುಡಿ ಉದುರಿ ಹುಡುಗನ ತಾಯಿಯ ಕೇಸರಿಬಾತಿನ ಮೇಲೆ ಬಿತ್ತು.

ಆಕೆ ಚಮಚ ಕೆಳಗಿಟ್ಟರು. ಮೇಲೆ ಏನಾದರೂ ಮಿಲ್ಲು ನಡೆಸುತ್ತೀರಾ ಎಂದು ಕೇಳಿದರು.

"ಬಾಡಿಗೆಯೋನು," ಅಂದಳು ಅಜ್ಜಿ ಚಿಕ್ಕಮುನಿಯಮ್ಮ, ನಗು ಬಿಡದೆ. "ಬಟ್ಟೆ ಒಗೆಯೋ ಮಿಷನ್ನು ತಂದವ್ನೆ. ಹೊಸದು. ಇನ್ನೂ ಪಳಗಿಲ್ಲ."

ಅಜ್ಜಿ ಹಿತ್ತಲಿಗೆ ಹೋಗಿ, ಮುಖ ಮೇಲೆ ಮಾಡಿ, ಕೇದಾರನ ಹೆಸರು ಹಿಡಿದು ಕೂಗಿದಳು. ಗುಡುಗು ನಿಂತಿತು. ಕೆ.ಆರ್. ಪುರದಿಂದ ಹೆಣ್ಣು ನೋಡಲು ಬಂದಿದ್ದವರು ಮತ್ತೆ ತಟ್ಟೆಗಳನ್ನು ಕೈಗೆತ್ತಿಕೊಂಡರು. ಹುಡುಗನದು ಟೈಲ್ಸ್ ಅಂಗಡಿ. ಮಾತು ಮೆತ್ತಗೆ. ಯಮುನಾ ಇಂದಿರಾನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ ಎಂದು ಅವಳ ಸೋದರಮಾವ ಮುನಿರಾಜಪ್ಪ ಹೇಳಿದ್ದನ್ನು ಅವನು ನೆನಪಿಟ್ಟುಕೊಂಡಿದ್ದ. ತನ್ನ ಕನ್ನಡಕ ತೆಗೆದು, ಬರೀ ನೋಡಿಯೇ ಪವರ್ ಹೇಳಬಲ್ಲಿರಾ ಎಂದು ಕೇಳಿದ.

ಯಮುನಾ ನೋಡಿದಳು. ಚೆನ್ನಾದ ಕಣ್ಣುಗಳು. ದಿನವಿಡೀ ಜನರ ಕಣ್ಣಿಗೆ ಬೆಳಕು ಬಿಟ್ಟು ನೋಡುವವಳಿಗೆ, ಇಲ್ಲಿ ತನಗೇನೂ ಕೆಲಸವಿಲ್ಲ ಅನ್ನುವುದು ಬೇಗನೆ ತಿಳಿಯಿತು. ಅದನ್ನು ಮರ್ಯಾದೆಯಾಗಿ ಹೇಗೆ ಹೇಳುವುದು ಎಂದು ಅವಳು ಹುಡುಕುತ್ತಿರುವಾಗ ಛಾವಣಿ ಮತ್ತೆ ಗುಡುಗಿತು.

ಈ ಸಲ ಲೋಟ ಅಂಚಿನಲ್ಲಿ ನಿಲ್ಲಲಿಲ್ಲ.

*

ಫೋನ್ ಮಾಡುತ್ತೇವೆ ಎಂದು ಹೇಳಿ ಅವರು ಹೋದರು. ಮಾವನೂ ಅವರ ಕಾರಿನಲ್ಲೇ ಹೋದ. ಅಜ್ಜಿ ಚೆಲ್ಲಿದ ಕಾಫಿಯನ್ನು ಒರೆಸುತ್ತ, ಹೆಣ್ಣು ನೋಡಲು ಬಂದವರ ತಲೆ ಮೇಲೆ ಸುಣ್ಣ ಉದುರಿಸಿದ ಮನೆ ಈ ಮರ್ಫಿ ಟೌನಿನಲ್ಲಿ ನಮ್ಮದೊಂದೇ ಇರಬೇಕು ಎಂದು ಗೊಣಗಿದಳು. ಯಮುನಾ ತುಟಿ ಕಚ್ಚಿ ನಗು ತಡೆದಳು. ತಡೆಯುವ ಅಗತ್ಯ ಬಹಳ ಹೊತ್ತು ಇರಲಿಲ್ಲ. ಆ ಮೆಷಿನನ್ನು ಆರಿಸಿಕೊಟ್ಟವಳು ಯಾರು ಅನ್ನುವುದು ನೆನಪಾಯಿತು, ನಗು ತಾನಾಗಿ ಹೋಯಿತು.

ಅಪ್ಪ ಅಮ್ಮ ಇಲ್ಲದ ಮೊಮ್ಮಗಳನ್ನು ಸಾಕಿದ ಅಜ್ಜಿಯ ಮನೆ ಅದು. ಕೆಳಗೆ ಇವರಿಬ್ಬರು. ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು, ಮತ್ತು ಕೇದಾರ್. ರಾಣೆಬೆನ್ನೂರಿನವನು. ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಹೋದ ವರ್ಷ ಅವನಿಗೆ ಡೆಂಗ್ಯೂ ಬಂದು ಎದ್ದು ನಿಲ್ಲಲಾಗದೆ ಇದ್ದಾಗ, ಅಜ್ಜಿಯೇ ಅವನ ಬಟ್ಟೆಗಳನ್ನು ಕೆಳಗೆ ತಂದು ತಮ್ಮ ಹಳೆಯ ಮೆಷಿನಿಗೆ ಹಾಕಿದ್ದಳು. ಜ್ವರ ಬಿಟ್ಟಿತು, ಅಭ್ಯಾಸ ಬಿಡಲಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಕೇದಾರ್ ಬಕೆಟ್ ಹಿಡಿದು ಹಿತ್ತಲಿಗೆ ಇಳಿಯುತ್ತಿದ್ದ. ಬಟ್ಟೆ ತಿರುಗುವಷ್ಟು ಹೊತ್ತು ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದ. ಯಮುನಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಆ ಮನೆಯಲ್ಲಿ ಭಾನುವಾರ ಅಷ್ಟೊಂದು ಬೆಳ್ಳುಳ್ಳಿ ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ.

ಅಜ್ಜಿ ಎದುರಿಗಿದ್ದರೆ ಅವನು 'ಯಮುನಾ ಅವರೇ' ಅನ್ನುತ್ತಿದ್ದ. ಅಜ್ಜಿ ಒಳಗೆ ಹೋದರೆ ಬರೀ ಯಮುನಾ. ಮೆಷಿನ್ ಮುಗಿಯುವ ಹೊತ್ತಿಗೆ ಅವಳು ಎದ್ದು ಹೋಗಿ ಇನ್ನೊಂದು ಸಲ ಜಾಲಿಸುವ ಗುಂಡಿ ಒತ್ತಿ ಬರುತ್ತಿದ್ದಳು. ಸೋಪು ಉಳಿದಿತ್ತು ಅನ್ನುತ್ತಿದ್ದಳು. ಅವನು ಮುಖದಲ್ಲಿ ಒಂದು ಗೆರೆಯೂ ಕದಲದಂತೆ, "ಹೌದ್ರಿ, ನಾನೂ ನೋಡಿದೆ," ಅನ್ನುತ್ತಿದ್ದ. ನೋಡಿದ್ದು ಸೋಪನ್ನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕಿಂತ ಮುಂದೆ ಯಾರೂ ಹೋಗಿರಲಿಲ್ಲ. ಹೋಗದೆಯೂ ಒಂದು ವರ್ಷ ಕಳೆಯಬಹುದು, ಬೆಳ್ಳುಳ್ಳಿ ಇದ್ದರೆ.

ಆಮೇಲೆ ಹೋದ ಗುರುವಾರ, ಅವಳ ವಾರದ ರಜೆಯ ದಿನ, ಟೆಂಪೊ ಬಂದು ನಿಂತಿತು. ಕೇದಾರ್ ಆಫೀಸಿನಲ್ಲಿದ್ದ. ಬೀಗದ ಕೈ ಕೆಳಗೆ ಕೊಟ್ಟಿದ್ದ. ಏನು ಬರುತ್ತದೆ ಎಂದು ಹೇಳಿರಲಿಲ್ಲ. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದಾಗ ಯಮುನಾಳಿಗೆ ತಿಳಿಯಿತು. ಭಾನುವಾರಕ್ಕೆ ಬದಲಿ ಒಂದು ಪೆಟ್ಟಿಗೆಯಲ್ಲಿ ಬಂದಿತ್ತು.

ಟೆಂಪೊದ ನಯಾಜ್ ಎನ್ನುವವನು ಪೆಟ್ಟಿಗೆ ಬಿಚ್ಚಿ, ಮೆಷಿನನ್ನು ಮೂಲೆಗೆ ನಿಲ್ಲಿಸಿ, ಅದರ ಬೆನ್ನು ತಟ್ಟಿ ತೋರಿಸಿದ್ದ. "ಮೇಡಂ, ಇಲ್ಲಿ ನಾಕು ಬೋಲ್ಟ್ ಐತೆ. ಇದು ಬಿಚ್ಚದೆ ಚಾಲೂ ಮಾಡಬೇಡಿ. ಕಂಪನಿಯವ್ರು ಮಂಡೇ ಬಂದು ಬಿಚ್ತಾರೆ. ಸಾರ್‌ಗೆ ಹೇಳ್ಬಿಡಿ."

ಹೇಳುತ್ತೇನೆ ಅಂದಿದ್ದಳು. ಸಂಜೆ ಹೇಳಲೆಂದೇ ಮೆಟ್ಟಿಲು ಹತ್ತಿದ್ದಳು. ಅರ್ಧ ಹತ್ತಿರುವಾಗ ಮೇಲಿನಿಂದ ಒಂದು ನಗು ಕೇಳಿಸಿತು. ಹೆಣ್ಣಿನ ನಗು. ಕೇದಾರ್ ಏನೋ ಹೇಳುತ್ತಿದ್ದ, ಅವಳು ಇನ್ನೂ ನಗುತ್ತಿದ್ದಳು. ಸೋಮವಾರದವರೆಗೆ ಯಾಕೆ ಕಾಯುವುದು, ಪೈಪು ಸಿಕ್ಕಿಸಿ ಪ್ಲಗ್ ಹಾಕಿದರೆ ಆಯಿತು, ನಾನೇ ಮಾಡುತ್ತೇನೆ, ನಾನೇ ತಾನೇ ಆರಿಸಿಕೊಟ್ಟಿದ್ದು ಅನ್ನುತ್ತಿದ್ದಳು.

ಆ ನಗು ಚೆನ್ನಾಗಿತ್ತು. ತೊಂದರೆ ಅದೇ.

ಯಮುನಾ ಅರ್ಧ ಮೆಟ್ಟಿಲಿನಿಂದ ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ಮೊದಲ ಸಲ ಛಾವಣಿ ಗುಡುಗಿತು. ಅವಳು ಅಡುಗೆಮನೆಯಲ್ಲಿ ನಿಂತು, ಡಬ್ಬಿಗಳು ಒಂದಕ್ಕೊಂದು ತಾಗುವುದನ್ನು ಕೇಳಿಸಿಕೊಂಡಳು. ಸಂತೋಷವಾಯಿತು. ಅದು ಎಂಥ ಸಂತೋಷ ಎಂದು ಗೊತ್ತಾಗಿ ನಾಚಿಕೆಯೂ ಆಯಿತು. ಆದರೂ ಹೇಳಲಿಲ್ಲ. ಶುಕ್ರವಾರ ಹೇಳಲಿಲ್ಲ. ಶನಿವಾರ ಗೇಟಿನ ಬಳಿ ಕೇದಾರನೇ ಸಿಕ್ಕಿ, ಮೆಷಿನ್ ಬಚ್ಚಲ ಪಕ್ಕದ ಮೂಲೆಯಿಂದ ಹೊರಟು ಬಾಗಿಲವರೆಗೆ ಬಂದಿದೆ, ರಾಣೆಬೆನ್ನೂರಿಗೆ ಹೋಗುತ್ತದೋ ಏನೋ ಎಂದಾಗಲೂ ಹೇಳಲಿಲ್ಲ. ನೆಲ ಸಮ ಇಲ್ಲವೇನೋ ಅಂದಳು.

*

ಈ ಭಾನುವಾರ, ಹೆಣ್ಣು ನೋಡಲು ಬಂದವರು ಹೋದ ಮೇಲೆ, ಊಟ ಮುಗಿದು ಅಜ್ಜಿ ಅಡ್ಡಾಗಿದ್ದಾಗ ಸ್ಕೂಟರೊಂದು ಬಂದು ನಿಂತಿತು. ನಗುವಿಗೆ ಈಗ ಮುಖ ಬಂತು, ಎತ್ತಿ ಕಟ್ಟಿದ ಕೂದಲು ಬಂತು, ಕೈಯಲ್ಲಿ ನಾಲ್ಕು ಕಪ್ಪು ರಬ್ಬರ್ ಪ್ಯಾಡುಗಳ ಪ್ಯಾಕೆಟ್ ಬಂತು. ಅವಳ ಹೆಸರು ಸೃಷ್ಟಿ ಎಂದು ಯಮುನಾಳಿಗೆ ತಿಳಿದದ್ದು ಕೇದಾರ್ ಮೇಲಿನಿಂದ ಕರೆದಾಗ. ಬರೀ ಸೃಷ್ಟಿ. 'ಅವರೇ' ಇಲ್ಲ, 'ರೀ' ಇಲ್ಲ.

ತಾರಸಿಯ ಮೇಲೆ ಒಣಗಲು ಹಾಕಿದ್ದ ಎರಡು ಸೀರೆಗಳನ್ನು ತರಲು ಯಮುನಾ ಹೊರಟಳು. ಅವು ಒಣಗಿರಲಿಲ್ಲ. ತಾರಸಿಗೆ ಹೋಗುವ ಮೆಟ್ಟಿಲು ಕೇದಾರನ ಬಾಗಿಲ ಮುಂದೆಯೇ ತಿರುಗುತ್ತದೆ, ಮತ್ತು ಸೆಕೆಗೆ ಬಾಗಿಲು ತೆರೆದೇ ಇತ್ತು.

ಸೃಷ್ಟಿ ಮೆಷಿನಿನ ಮೇಲೆ ಕೂತಿದ್ದಳು. ಕಾಲು ಕೆಳಗೆ ಬಿಟ್ಟು, ಎರಡು ಕೈಯಿಂದ ಅಂಚು ಹಿಡಿದು, ಕುದುರೆ ಮೇಲೆ ಕೂತವಳ ಹಾಗೆ ಕುಲುಕುತ್ತ ನಗುತ್ತಿದ್ದಳು. ಮೆಷಿನ್ ನಾಲ್ಕು ಪ್ಯಾಡುಗಳ ಮೇಲೆ ನಿಂತು ಮೊದಲಿಗಿಂತ ಜೋರಾಗಿ ಹಾರುತ್ತಿತ್ತು. ಕೇದಾರ್ ಮುಂದೆ ನಿಂತು, ತೋಳುಗಳನ್ನು ಅಗಲಿಸಿ ಅದರ ಎರಡು ಪಕ್ಕ ಒತ್ತಿ ಹಿಡಿದಿದ್ದ. ಮೆಷಿನನ್ನೇ ಹಿಡಿದಿದ್ದ. ಆದರೆ ಬಾಗಿಲಿನಿಂದ ನೋಡಿದರೆ ಹಾಗೆ ಕಾಣುತ್ತಿರಲಿಲ್ಲ.

ಯಮುನಾ ಮೇಲೆ ಹೋದಳು. ಒದ್ದೆ ಸೀರೆಗಳನ್ನು ತಂತಿಯಿಂದ ತೆಗೆದಳು. ಹೊಟ್ಟೆಕಿಚ್ಚಿಗೆಲ್ಲ ತಾನು ಸಿಗುವವಳಲ್ಲ ಎಂದು ತಿಳಿದುಕೊಂಡಿದ್ದಳು. ತಂತಿಯ ಇನ್ನೊಂದು ತುದಿ ಬರಿದಾಗಿತ್ತು. ಅಲ್ಲಿ ನೀಲಿ ಚೌಕುಳಿ ಶರ್ಟು ಇರುತ್ತಿತ್ತು. ಅದರ ಪಕ್ಕ ತೋಳು ಮಾಸಿದ ಬಿಳಿಯದು. ಅವನ ಶರ್ಟುಗಳನ್ನು ಕ್ಲಿಪ್ ಹಾಕಿ ಭುಜದಿಂದ ತೂಗುಬಿಡುತ್ತಿದ್ದವಳು ಇವಳೇ. ಗಾಳಿ ಬಂದಾಗ ಅವು ತುಂಬಿಕೊಳ್ಳುತ್ತಿದ್ದವು.

ಇಳಿಯುವಾಗ ಮೆಷಿನ್ ನಿಂತಿತ್ತು, ಮಾತು ಕೇಳಿಸಿತು. ಈ ಹಳೇ ಮನೆಯ ನೆಲವೇ ಸರಿ ಇಲ್ಲ ಅನ್ನುತ್ತಿದ್ದಳು ಸೃಷ್ಟಿ. ಬಾಣಸವಾಡಿಯಲ್ಲಿ ತಮ್ಮ ಬಿಲ್ಡಿಂಗಿನಲ್ಲೇ ಒಂದು ಮನೆ ಖಾಲಿಯಾಗಿದೆ, ಹೇಳಿಟ್ಟಿದ್ದೇನೆ, ಓನರ್ ಇವತ್ತು ಸಂಜೆಯವರೆಗೆ ಮಾತ್ರ ಕಾಯುತ್ತಾರೆ. "ಹೆಂಗೂ ಇಲ್ಲಿ ಬಿಡ್ತೀನಿ ಅಂತಿದ್ಯಲ್ಲ ಕೇದಾರ್. ಯೆಸ್ ಅಂತ ಒಂದು ಮೆಸೇಜ್ ಹಾಕು ಸಾಕು."

ಕೇದಾರ್ ಏನಂದ ಎಂದು ಕೇಳಿಸಲಿಲ್ಲ. ಯಮುನಾಳ ಕಾಲುಗಳು ಆಗಲೇ ಕೆಳಗಿನ ಮೆಟ್ಟಿಲಿನಲ್ಲಿದ್ದವು.

ಸೃಷ್ಟಿ ಹೊರಡುವಾಗ ಗೇಟಿನ ಬಳಿ ಇಬ್ಬರೂ ಎದುರಾದರು. "ನೀವೇನಾ ಯಮುನಾ?" ಎಂದು ಕೇಳಿದಳು. ಹೌದು ಎಂದಾಗ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಕೂದಲಿನಿಂದ ಚಪ್ಪಲಿಯವರೆಗೆ ಅಳೆಯುವ ನೋಟ. ಯಮುನಾಳಿಗೆ ಆ ನೋಟದ ಗುರುತು ಸಿಕ್ಕಿತು. ಅಡುಗೆಮನೆಯ ಕಿಟಕಿಯಿಂದ ತಾನೂ ಅವಳನ್ನು ಹೀಗೇ ಅಳೆದಿದ್ದಳು.

"ಆಫೀಸಲ್ಲಿ ಕಣ್ಣು ನೋವು ಅಂದ್ರೆ ಸಾಕು, ನಿಮ್ಮ ಅಂಗಡಿ ಹೆಸರು ಹೇಳ್ತಾನೆ," ಅಂದಳು ಸೃಷ್ಟಿ. ಈ ಸಲ ನಗಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹೋದಳು.

*

ತಾತ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅವನ ತಗಡಿನ ಪೆಟ್ಟಿಗೆ ಮಂಚದ ಕೆಳಗೇ ಇತ್ತು. ಯಮುನಾ ಅದರಲ್ಲಿ ಕೈಯಾಡಿಸಿ, ಬೋಲ್ಟಿನ ತಲೆಯ ಅಳತೆಯನ್ನು ನೆನಪು ಮಾಡಿಕೊಳ್ಳುತ್ತ ಎರಡು ಮೂರು ಸ್ಪ್ಯಾನರ್ ಎತ್ತಿಕೊಂಡಳು. ಬಾಣಸವಾಡಿಗೆ ಹೋಗುವವನಾದರೆ ಹೋಗಲಿ. ಆದರೆ ಮುರಿದ ಮೆಷಿನ್ ಹೊತ್ತುಕೊಂಡು, ಅದು ಯಾಕೆ ಮುರಿಯಿತು ಎಂದು ತಿಳಿಯದೆ ಹೋಗಬಾರದು.

ಕೇದಾರ್ ನೆಲದ ಮೇಲೆ ಕೂತು ಮೆಷಿನನ್ನೇ ನೋಡುತ್ತಿದ್ದ. ಅದು ಕೋಣೆಯ ನಡುವೆ ಓರೆಯಾಗಿ, ಜಗಳವಾಡಿ ದಣಿದ ನೆಂಟನ ಹಾಗೆ ನಿಂತಿತ್ತು. ಅದರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಅವನ ತಾಯಿ ಕಾಶಮ್ಮ ವಿಡಿಯೊ ಕಾಲಿನಲ್ಲಿ ಕೂತು ಹಚ್ಚಿಸಿದ್ದು. ಅಲ್ಲಾಡಿ ಅಲ್ಲಾಡಿ ಗೆರೆಗಳೂ ಕೆದರಿದ್ದವು.

"ಸ್ಪ್ಯಾನರ್ ಯಾಕ?" ಎಂದ.

"ಇದರ ಬೆನ್ನು ಈ ಕಡೆ ತಿರುಗಿಸು."

ಇಬ್ಬರೂ ಸೇರಿ ತಿರುಗಿಸಿದರು. ನಾಲ್ಕು ಬೋಲ್ಟುಗಳು ಅಲ್ಲೇ ಇದ್ದವು, ಯಾವುದನ್ನೂ ಬಚ್ಚಿಡದೆ. ಯಮುನಾ ಮಂಡಿಯೂರಿ ಮೊದಲನೆಯದಕ್ಕೆ ಸ್ಪ್ಯಾನರ್ ಹಾಕಿದಳು. ಕೈಗೆ ಬರಲಿಲ್ಲ. ಅವನು ಅವಳ ಪಕ್ಕ ಕೂತು ಸ್ಪ್ಯಾನರಿನ ತುದಿ ಹಿಡಿದ. ಅವಳು ಬಿಡಲಿಲ್ಲ. ಎರಡು ಕೈಗಳೂ ಒಂದೇ ಹಿಡಿಯ ಮೇಲೆ ಒತ್ತಿದಾಗ ಬೋಲ್ಟು ಕಿರ್ರೆಂದು ಸಡಿಲಿತು.

"ಇವು ದಾರಿಗೆ," ಅಂದಳು, ಅವನ ಕಡೆ ನೋಡದೆ. "ತರುವಾಗ ಡ್ರಮ್ ಅಲ್ಲಾಡದೆ ಇರ್ಲಿ ಅಂತ ಬಿಗಿದಿರ್ತಾರೆ. ಮನೆಗೆ ಬಂದ್ಮೇಲೆ ಬಿಚ್ಚಬೇಕು. ಬಿಚ್ಚದೆ ಓಡಿಸಿದ್ರೆ, ಒಳಗೇ ಕುಣಿದು ಸುಮ್ಮನಾಗ್ಬೇಕಾದ್ದು ಹೊರಗೆ ಕುಣಿಯುತ್ತೆ."

"ನಿನಗ ಯಾರು ಹೇಳಿದ್ರು?"

"ಟೆಂಪೊದವನು."

"ಯಾವಾಗ?"

"ಗುರುವಾರ."

ಎರಡನೆಯ ಬೋಲ್ಟು ಸುಲಭವಾಗಿ ಬಂತು. ಅದರ ಹಿಂದೆ ರಬ್ಬರಿನ ಉದ್ದ ಕೊಳವೆಯೂ ಬಂತು. ಕೇದಾರ್ ಅದನ್ನು ಬೆರಳುಗಳ ನಡುವೆ ತಿರುಗಿಸಿದ.

"ಗುರುವಾರದಿಂದ ನಾನು ಇದನ್ನ ತಬ್ಬಿಕೊಂಡು ನಿಂತೀನಿ," ಅಂದ. "ನಿನಗ ಗೊತ್ತಿತ್ತು."

"ಹ್ಞೂಂ."

"ಹೇಳಲಿಲ್ಲ ಯಾಕ?"

"ಹೇಳೋಕೇ ಬಂದಿದ್ದೆ. ಅವಳು ನಕ್ಕಳು."

"ನಕ್ರ ಏನಾತು?"

"ಏನಿಲ್ಲ. ನಕ್ಕಳು. ಅಷ್ಟೇ."

ಅವನು ಮುಖ ಆ ಕಡೆ ತಿರುಗಿಸಿದ. ಕಿವಿಯ ಹಿಂದಿನಿಂದಲೂ ಅವನು ನಗುತ್ತಿರುವುದು ಕಾಣುತ್ತಿತ್ತು. ಯಮುನಾಳಿಗೆ ಮೈಯೆಲ್ಲ ಉರಿಯಿತು. ಮೂರನೆಯದನ್ನು ತಾನೊಬ್ಬಳೇ ಬಿಚ್ಚಿದಳು. ನಾಲ್ಕನೆಯದನ್ನೂ.

"ಟೈಲ್ಸ್ ಅಂಗಡಿಯವರು ಏನಂದ್ರು?" ಎಂದು ಅವನು ಕೇಳಿದ. ಈಗ ನಗು ಇರಲಿಲ್ಲ.

"ಟೈಲ್ಸ್ ಅಂಗಡಿ ಅಂತ ನಿಂಗ್ಯಾರು ಹೇಳಿದ್ರು?"

"ಕಾರಿನ ಹಿಂದ ಬರ್ಕೊಂಡಾರಲ್ಲ. ಮ್ಯಾಟ್ ಫಿನಿಶ್, ಗ್ಲಾಸಿ ಫಿನಿಶ್. ಫೋನ್ ನಂಬರ್ ಸಮೇತ."

ಕಾರಿನ ಹಿಂಬದಿಯನ್ನು ಇಷ್ಟು ಓದಬೇಕಾದರೆ ಕಿಟಕಿಯಲ್ಲಿ ಎಷ್ಟು ಹೊತ್ತು ನಿಂತಿರಬೇಕು ಎಂದು ಯಮುನಾ ಮನಸ್ಸಿನಲ್ಲೇ ಅಂದಾಜು ಮಾಡಿದಳು. ಎದ್ದು ಮೆಷಿನಿನ ಮುಂದೆ ಬಂದು ಬಾಗಿಲು ತೆರೆದಳು. ಒಳಗೆ ಒಂದೇ ಒಂದು ಟವಲಿತ್ತು. ಹೊರಗೆ ತೆಗೆದು ಕೈಯಲ್ಲಿ ಹಿಂಡಿದಳು. ಒಣಗಿತ್ತು. ಒದ್ದೆಯೇ ಆಗಿರಲಿಲ್ಲ.

"ಬೆಳಗ್ಗೆ ಒಗೆದದ್ದು ಇದಾ?"

ಕೇದಾರ್ ಬೋಲ್ಟುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದ. "ಒಗೀಲಿಲ್ಲ. ಬರೀ ತಿರುಗಿಸಿದೆ."

"ಎರಡು ಸಲ?"

"ಮೊದಲ್ನೇ ಸಲ ಅಜ್ಜಿ ಕೂಗಿದ್ರು, ನಿಲ್ಲಿಸಿದೆ. ಆಮ್ಯಾಲೆ ಬಗ್ಗಿ ನೋಡಿದ್ರ ಅವರ ಚಪ್ಪಲಿ ಇನ್ನೂ ಬಾಗಿಲಾಗ ಇದ್ವು."

ಅವಳು ಟವಲಿನಲ್ಲಿ ಮುಖ ಮುಚ್ಚಿಕೊಂಡಳು. ಮೆಷಿನಿನ ವಾಸನೆಯಿತ್ತು, ಹೊಸ ರಬ್ಬರಿನದು. ಅದರ ಕೆಳಗೆ ಅವನದಿತ್ತು. ಮುಖ ತೆಗೆಯಲು ಅವಳಿಗೆ ಸ್ವಲ್ಪ ಸಮಯ ಹಿಡಿಯಿತು.

"ಮತ್ತೆ ಇದನ್ನ ತಂದಿದ್ದಾದ್ರೂ ಯಾಕೆ? ಭಾನುವಾರ ಕೆಳಗೆ ಬರೋದು ಅಷ್ಟು ಕಷ್ಟವಾಗಿತ್ತಾ?"

ಆಗ ಅವನು ಹೇಳಿದ. ಎರಡು ವಾರದ ಹಿಂದೆ ಅಜ್ಜಿ ಮೆಟ್ಟಿಲ ಬಳಿ ನಿಲ್ಲಿಸಿ, ಮೊದಲು ಒಂದು ತಟ್ಟೆ ಕಡುಬು ಕೊಟ್ಟು, ಆಮೇಲೆ ಮಾತು ತೆಗೆದಿದ್ದಳು. ಹೆಣ್ಣು ಕೇಳಲು ಬರುವವರು ಮೊದಲು ಮನೆಯೊಳಗೆ ನೋಡುವುದಿಲ್ಲ, ತಾರಸಿ ನೋಡುತ್ತಾರೆ. ಹೆಂಗಸರಿಬ್ಬರೇ ಇರುವ ಮನೆಯ ತಂತಿಯ ಮೇಲೆ, ಹುಡುಗಿಯ ಚೂಡಿದಾರದ ಪಕ್ಕ, ಗಂಡಸಿನ ಶರ್ಟು ಯಾರದು ಎಂದು ಕೇಳಿದರೆ ತಾನು ಏನು ಹೇಳಲಿ. ಬೇಜಾರು ಮಾಡಿಕೊಳ್ಳಬೇಡ ಎಂದಿದ್ದಳು. ಮರುದಿನವೇ ಅವನು ಆಫೀಸಿನಲ್ಲಿ ಸೃಷ್ಟಿಯನ್ನು, ಯಾವ ಮೆಷಿನ್ ಒಳ್ಳೆಯದು ಎಂದು ಕೇಳಿದ್ದ. ಶರ್ಟುಗಳನ್ನು ಕೋಣೆಯೊಳಗೇ ಹಗ್ಗ ಕಟ್ಟಿ ಒಣಗಿಸುತ್ತಿದ್ದ. ಯಮುನಾ ತಲೆ ಎತ್ತಿ ನೋಡಿದಳು. ನೀಲಿ ಚೌಕುಳಿ ಶರ್ಟು ಟ್ಯೂಬ್‌ಲೈಟಿನ ಪಕ್ಕ, ಗಾಳಿಯಿಲ್ಲದೆ ನೇತಾಡುತ್ತಿತ್ತು.

"ಬಾಣಸವಾಡಿಗೆ?"

"ಸಂಜೆ ಒಳಗ ಹೇಳಬೇಕು."

"ಟೈಲ್ಸಿನವರಿಗೆ ನಾನು ಒಪ್ಪಲ್ಲ," ಅಂದಳು ಯಮುನಾ. "ಅದು ನನ್ನ ವಿಷಯ. ನೀನು ಇದ್ರೂ ಒಪ್ಪಲ್ಲ, ಹೋದ್ರೂ ಒಪ್ಪಲ್ಲ. ಆದ್ರೆ ಇರು ಅಂತ ನಾನು ಹೇಳಲ್ಲ."

"ಒಂದ್ಸಲ ಹೇಳಿ ನೋಡು."

"ಹೇಳಲ್ಲ ಅಂದ್ನಲ್ಲ."

ಅವನು ಅವಳನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಬೇರೆಯವರ ಕಣ್ಣಿನ ಇಷ್ಟು ಹತ್ತಿರ ಹೋಗುವುದು ಅವಳಿಗೆ ದಿನದ ಕೆಲಸ. ಆದರೆ ಅಲ್ಲಿ ನಡುವೆ ಯಾವಾಗಲೂ ಒಂದು ಗಾಜು ಇರುತ್ತದೆ.

*

ಮೆಷಿನನ್ನು ಇಬ್ಬರೂ ಸೇರಿ ಮೂಲೆಗೆ ತಳ್ಳಿದರು. ಪ್ಯಾಡುಗಳನ್ನು ಕಿತ್ತರು. ಬೋಲ್ಟುಗಳ ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಒತ್ತಿದರು. ಕೇದಾರ್ ಎರಡು ಬೆಡ್‌ಶೀಟು ಹಾಕಿ ಗುಂಡಿ ಒತ್ತಿ, ಅಭ್ಯಾಸದಿಂದ ತೋಳು ಅಗಲಿಸಿ ನಿಂತ. ಹಿಡಿಯುವ ಅಗತ್ಯ ಬೀಳಲಿಲ್ಲ. ಡ್ರಮ್ ತಿರುಗಿತು, ವೇಗ ಏರಿತು, ಒಂದು ಸಣ್ಣ ಗುಂಯ್ ಮಾತ್ರ ಉಳಿಯಿತು. ಖಾಲಿ ತೋಳುಗಳನ್ನು ಏನು ಮಾಡುವುದೆಂದು ತಿಳಿಯದೆ ಅವನು ನಿಂತೇ ಇದ್ದ.

ಸದ್ದಿದ್ದಾಗ ಕೆಳಗಿನಿಂದ ಕೂಗುತ್ತಿದ್ದ ಅಜ್ಜಿ, ಸದ್ದಿಲ್ಲದಾಗ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು. ಶಾಂತವಾಗಿ ತಿರುಗುತ್ತಿದ್ದ ಮೆಷಿನನ್ನು ನೋಡಿದಳು. ಮೊಮ್ಮಗಳ ಹೆಗಲ ಮೇಲಿದ್ದ ಟವಲನ್ನು ನೋಡಿದಳು. ಆಮೇಲೆ ನೆಲದ ಮೇಲೆ ಸಾಲಾಗಿದ್ದ ಕಬ್ಬಿಣವನ್ನು.

ಅವು ಏನೆಂದು ಕೇಳಿದಳು. ಅವುಗಳನ್ನು ಬಿಚ್ಚದೇ ಇದ್ದದ್ದಕ್ಕೆ ಅಷ್ಟು ಕುಣಿಯಿತು ಎಂದು ಯಮುನಾ ಹೇಳಿದಳು. ಹಾಗಾದರೆ ಎಸೆಯಲೇ ಎಂದು ಅಜ್ಜಿ ಕೇಳಿದಳು. ಎಸೆಯುವಂತಿಲ್ಲ, ಮೆಷಿನನ್ನು ಬೇರೆ ಕಡೆಗೆ ಸಾಗಿಸಬೇಕಾದರೆ ಮತ್ತೆ ಬಿಗಿಯಬೇಕು, ಇಲ್ಲದಿದ್ದರೆ ದಾರಿಯಲ್ಲೇ ಒಳಗೆಲ್ಲ ಕಿತ್ತುಹೋಗುತ್ತದೆ ಎಂದು ಯಮುನಾಳೇ ಹೇಳಬೇಕಾಯಿತು. ಹೇಳುವಾಗ ಅವಳ ದನಿ ಸಮವಾಗಿಯೇ ಇತ್ತು.

ಅಜ್ಜಿ ಕೆಟ್ಟವಳಲ್ಲ. ಡೆಂಗ್ಯೂ ಬಂದಾಗ ಗಂಜಿ ಕಾಯಿಸಿ ತಂದವಳು ಅವಳೇ. ಮಂಡಿ ಹಿಡಿದು ನಿಧಾನವಾಗಿ ಬಗ್ಗಿ, ಒಂದೊಂದೇ ಬೋಲ್ಟನ್ನು ಹೆಕ್ಕಿ ಸೆರಗಿನಲ್ಲಿ ಒರೆಸಿದಳು. ನಾಲ್ಕನ್ನೂ ಅಂಗೈಯಲ್ಲಿಟ್ಟುಕೊಂಡು, ಕೇದಾರನ ಮುಂದೆ ಬಂದು ಕೈ ಚಾಚಿದಳು.

"ತಗೋಪ್ಪ," ಅಂದಳು. "ಜೋಪಾನವಾಗಿ ಮಡಿಕ್ಕೊ. ಮನೆ ಖಾಲಿ ಮಾಡೋವಾಗ ಬೇಕಾಗ್ತವೆ."

ಯಮುನಾ ಮೆಷಿನಿನ ಗಾಜಿನ ಬಾಗಿಲನ್ನೇ ನೋಡುತ್ತಿದ್ದಳು. ಒಳಗೆ ಬಿಳಿ ಬೆಡ್‌ಶೀಟು ಸುತ್ತುತ್ತಿತ್ತು. ಗಾಜಿನ ಮೇಲೆ ಕೋಣೆಯೆಲ್ಲ ಬಾಗಿ ಕಾಣುತ್ತಿತ್ತು. ಅಜ್ಜಿಯ ಚಾಚಿದ ಕೈ, ಅದರ ಎದುರು ಕೇದಾರ್. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡ ಅಜ್ಜಿ," ಅಂದ.